ಮಲ್ಲಿಗೆ, ರಾತ್ರಿರಾಣಿ ಘಮಕ್ಕೆ ಹಾವು ಬರುತ್ತದೆಯೇ? ಗಿಡ ಕಡಿಯುವ ಮೊದಲು ಇದನ್ನು ಓದಿ

ಮನೆಯಂಗಳದಲ್ಲಿ ಮಲ್ಲಿಗೆ, ಸಂಪಿಗೆ, ರಾತ್ರಿರಾಣಿ ಬೆಳೆಸಿದರೆ ಘಮಕ್ಕೆ ಹಾವು ಬರುತ್ತದೆ ಎಂಬ ಮಾತು ಅಜ್ಜಿಯರ ಕಾಲದ್ದು. ಈಗ ಅದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಹೆದರಿ ಚೆನ್ನಾಗಿ ಹೂ ಬಿಡುವ ಗಿಡವನ್ನೇ ಕಡಿಯುವವರಿದ್ದಾರೆ. ಗಿಡ ಹೋಯಿತು, ಇನ್ನು ಭಯವಿಲ್ಲ ಎಂದು ನಿಶ್ಚಿಂತರಾಗುವುದು ಇನ್ನೂ ಅಪಾಯ.

ಹಾವಿಗೆ ಹೂವಿನ ಘಮ ಬೇಕೇ?

ಬೇಡ. ಹಾವು ನಾಲಿಗೆ ಚಾಚಿದಾಗ ವಾಸನೆಯ ಕಣಗಳು ಅದಕ್ಕೆ ಅಂಟುತ್ತವೆ. ಬಾಯಿಯ ಮೇಲ್ಭಾಗದಲ್ಲಿರುವ ಜೇಕಬ್‌ಸನ್ ಅಂಗ ಅವನ್ನು ಗುರುತಿಸುತ್ತದೆ. ಹೀಗೆ ಹಾವು ಹುಡುಕುವುದು ಇಲಿ, ಕಪ್ಪೆ, ಹಲ್ಲಿಯಂಥ ಬೇಟೆಯನ್ನು ಮತ್ತು ಸಂಗಾತಿಯನ್ನು. ಹಾವುಗಳೆಲ್ಲ ಮಾಂಸಾಹಾರಿಗಳು, ಹೂವಾಗಲಿ ಮಕರಂದವಾಗಲಿ ಅವಕ್ಕೆ ಆಹಾರವಲ್ಲ. ರಾತ್ರಿ ಅರಳುವ ಹೂಗಳು ಘಮ ಬೀರುವುದು ಪರಾಗಸ್ಪರ್ಶಕ್ಕೆ ನೆರವಾಗುವ ಪತಂಗಗಳನ್ನು ಕರೆಯಲು.

ಈ ನಂಬಿಕೆ ಬಂದದ್ದು ಎಲ್ಲಿಂದ?

ಹೂಗಿಡದ ಬಳಿ ಹಾವು ಕಂಡವರು ಸುಳ್ಳು ಹೇಳುತ್ತಿಲ್ಲ. ಕೇದಗೆಯನ್ನೇ ನೋಡಿ. ಹಳ್ಳದ ದಂಡೆಯಲ್ಲಿ ಮುಳ್ಳುಮುಳ್ಳಾಗಿ, ಒತ್ತಾಗಿ ಬೆಳೆಯುವ ಆ ಪೊದೆಯಲ್ಲಿ ತಂಪಿದೆ, ಮರೆಯಿದೆ, ಪಕ್ಕದಲ್ಲೇ ಕಪ್ಪೆಗಳಿವೆ. ಕರಾವಳಿಯಲ್ಲಿ ನಾಗರಪಂಚಮಿಯಂದು ನಾಗನಿಗೆ ಕೇದಗೆ ಅರ್ಪಿಸುವುದರಿಂದ ಹೂವಿಗೂ ಹಾವಿಗೂ ನಂಟು ಇನ್ನಷ್ಟು ಗಟ್ಟಿಯಾಯಿತು. ಆದರೆ ಹಾವನ್ನು ಕರೆದದ್ದು ಪೊದೆ, ಪರಿಮಳವಲ್ಲ. ಘಮವಿಲ್ಲದ ಕ್ರೋಟನ್ ಗಿಡ ಪೊದೆಯಾದರೂ ಅಲ್ಲಿ ಹಾವು ಅಡಗಬಹುದು.

ಹೂವೂ ಹೆಚ್ಚು, ಅಪಾಯವೂ ಕಡಿಮೆ

ಮಲ್ಲಿಗೆ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಚಳಿಗಾಲದಲ್ಲಿ ಹೂ ಕಡಿಮೆಯಾದಾಗ ನೆಲದಿಂದ ಸುಮಾರು ಒಂದೂವರೆ ಅಡಿ ಬಿಟ್ಟು ಗಿಡ ಸವರಿದರೆ ಮುಂದೆ ಮೊಗ್ಗು ಹೆಚ್ಚುತ್ತದೆ. ಒಣಗಿದ, ನೆಲಕ್ಕೆ ತಾಗುವ ರೆಂಬೆಗಳನ್ನು ತೆಗೆದರೆ ಬುಡಕ್ಕೆ ಗಾಳಿ, ಬೆಳಕು ಬೀಳುತ್ತದೆ. ಹಾವಿಗೆ ಮರೆಯೂ ಇರುವುದಿಲ್ಲ. ಅಂದರೆ ಹೂವಿಗಾಗಿ ಮಾಡುವ ಆರೈಕೆಯೇ ಹಾವಿನಿಂದಲೂ ಕಾಪಾಡುತ್ತದೆ.

• ಬುಡದಲ್ಲಿ ತರಗೆಲೆ, ಇಟ್ಟಿಗೆ, ಸೌದೆ ರಾಶಿ ಹಾಕಬೇಡಿ. ತರಗೆಲೆಯ ನಡುವೆ ಕೊಳಕು ಮಂಡಲ ಕಣ್ಣಿಗೇ ಬೀಳುವುದಿಲ್ಲ.
• ಬಳ್ಳಿಯನ್ನು ಕಿಟಕಿ, ಬಾಗಿಲಿಗೆ ಹಬ್ಬಿಸದೆ ಗೋಡೆಯಿಂದ ದೂರ ಚಪ್ಪರಕ್ಕೆ ಹಬ್ಬಿಸಿ.
• ಮುಸುರೆ, ಕಾಳು ಚೆಲ್ಲಬೇಡಿ. ಇಲಿ ಬಂದಲ್ಲಿಗೆ ಹಾವು ಬರುತ್ತದೆ. ಇಲಿ ಬಿಲ ಮುಚ್ಚಿ.
• ನಸುಕಿನಲ್ಲಿ ಹೂ ಕೊಯ್ಯುವಾಗ ಟಾರ್ಚ್ ಇರಲಿ, ಕಾಲಿಗೆ ಮುಚ್ಚಿದ ಚಪ್ಪಲಿ ಇರಲಿ. ಪೊದೆಯೊಳಗೆ ಕೈ ಹಾಕುವ ಮುನ್ನ ಕೋಲಿನಿಂದ ಅಲುಗಿಸಿ.

ಬೆಳ್ಳುಳ್ಳಿ ನೀರು, ಫಿನಾಯಿಲ್ ಅಥವಾ ಯಾವುದೋ ಒಂದು ಗಿಡ ಇಟ್ಟರೆ ಹಾವು ಬರುವುದಿಲ್ಲ ಎಂಬ ಸಲಹೆಯನ್ನೂ ನೆಚ್ಚಿಕೊಳ್ಳಬೇಡಿ. ಅಂಗಳ ಚೊಕ್ಕಟವಾಗಿರುವುದೇ ನಿಜವಾದ ಕಾವಲು.

ಹಾವು ಕಚ್ಚಿದರೆ?

2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆ ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಚ್ಚಿದ ಜಾಗ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ ತೆಗೆಯಿರಿ. ಕೈಕಾಲು ಅಲುಗಾಡದಂತೆ ನೋಡಿಕೊಳ್ಳಿ. 108ಕ್ಕೆ ಕರೆ ಮಾಡಿ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಕರೆದೊಯ್ಯಿರಿ. ಕಟ್ಟುಹಾವು ಕಚ್ಚಿದಲ್ಲಿ ನೋವು, ಊತ ಅಷ್ಟಾಗಿ ಇಲ್ಲದಿರಬಹುದು. ನೋವಿಲ್ಲವೆಂದು ಮನೆಯಲ್ಲೇ ಉಳಿಯಬೇಡಿ.

ಒಟ್ಟಿನಲ್ಲಿ: ಘಮಕ್ಕೆ ಹಾವು ಬರುತ್ತದೆ ಎಂಬುದು ಸುಳ್ಳು. ಪೊದೆ, ಕಸ, ಇಲಿ ಇದ್ದಲ್ಲಿ ಬರುತ್ತದೆ ಎಂಬುದು ನಿಜ. ಮಲ್ಲಿಗೆ ಇರಲಿ, ಅದರ ಬುಡ ಸ್ವಚ್ಛವಾಗಿರಲಿ. ಆ ಸಂದೇಶ ಮತ್ತೆ ಬಂದರೆ ಇದನ್ನೇ ಉತ್ತರವಾಗಿ ಕಳಿಸಿ.