ಯಂತ್ರದ ಆಯುಷ್ಯ ಬರೆಯುವವರು ಯಾರು?

ಗುದ್ದಲಿಯ ಕಾವು ಮುರಿದರೆ ಮಲೆನಾಡಿನ ರೈತ ಗುದ್ದಲಿಯನ್ನೇ ಎಸೆಯುವುದಿಲ್ಲ. ಹೊಸ ಕಾವು ಹಾಕಿಕೊಳ್ಳುತ್ತಾನೆ. ಆದರೆ ಓದಿಗೆಂದು ಬೆಂಗಳೂರಿನ ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಕೊಠಡಿ ಹಿಡಿದಿರುವ ಅದೇ ರೈತನ ಮಗಳು ‘ಲ್ಯಾಪ್‌ಟಾಪ್ ಹಳೆಯದಾಯಿತು’ ಎಂದಾಗ, ಅಡಿಕೆ ಮಾರಿದ ಹಣ ಹೊಸ ಯಂತ್ರಕ್ಕೆ ಹೋಗುತ್ತದೆ. ಹಳೆಯದಾದದ್ದು ಯಂತ್ರವೇ, ಅದರೊಳಗಿನ ತಂತ್ರಾಂಶವೇ ಎಂದು ಯಾರೂ ಕೇಳುವುದಿಲ್ಲ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆದಾರರಿಗೆ ಒಂದು ವರ್ಷ ಮುಂದೂಡಿಕೆಯ ದಾರಿ ತೋರಿಸಿತಾದರೂ ಮುಂದೂಡಿಕೆ ಪರಿಹಾರವಲ್ಲ. 2021ರಲ್ಲಿ ಬಂದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯನ್ನೂ ತನ್ನ ಪಟ್ಟಿಯಲ್ಲಿರುವ ಸಂಸ್ಕಾರಕವನ್ನೂ ಬಯಸುತ್ತದೆ. ಪರದೆ, ಕೀಲಿಮಣೆ, ಸ್ಮೃತಿ ಎಲ್ಲವೂ ಸರಿಯಿರುವ ಎಷ್ಟೋ ಯಂತ್ರಗಳು ಆ ಪಟ್ಟಿಯ ಹೊರಗುಳಿದಿವೆ. ಅವುಗಳನ್ನು ಎಸೆಯುವುದೆಂದರೆ ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಇದು ಕೇವಲ ಜೇಬಿನ ಪ್ರಶ್ನೆಯಲ್ಲ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪತ್ತಿಯಾಯಿತು. ಕ್ರಮಬದ್ಧವಾಗಿ ಸಂಗ್ರಹಗೊಂಡು ಮರುಬಳಕೆಯಾದದ್ದೆಂದು ದಾಖಲಾದ ಪ್ರಮಾಣ ಶೇ. 22.3 ಮಾತ್ರ. ಲ್ಯಾಪ್‌ಟಾಪ್ ಒಂದು ಪರಿಸರದ ಮೇಲೆ ಹೇರುವ ಹೊರೆಯ ಹೆಚ್ಚಿನ ಪಾಲು ಅದರ ತಯಾರಿಕೆಯಲ್ಲೇ ಬೀಳುತ್ತದೆ. ಒಳಗಿನ ತಾಮ್ರ, ಚಿನ್ನ, ಕೋಬಾಲ್ಟ್‌ಗಳೆಲ್ಲ ಯಾವುದೋ ನೆಲವನ್ನು ಅಗೆದು ತಂದವು. ಗಣಿಗಾರಿಕೆ ಬೆಟ್ಟವನ್ನು ಏನು ಮಾಡುತ್ತದೆಂಬುದನ್ನು, 2005ರ ಕೊನೆಯವರೆಗೂ ಕುದುರೆಮುಖದಲ್ಲಿ ಅದಿರು ತೆಗೆದದ್ದನ್ನು ಕಂಡವರಿಗೆ ಹೇಳಿಕೊಡಬೇಕಿಲ್ಲ.

ಇದಕ್ಕೆ ಬೇರೊಂದು ದಾರಿಯಿದೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಹಾಗೂ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಸೇರಿ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳು ಹುಟ್ಟಿದವು. ಇವನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ದಕ್ಷಿಣ ಬೆಂಗಳೂರಿನಲ್ಲೇ ಇದಕ್ಕೊಂದು ನಿದರ್ಶನವಿದೆ. ಜಯನಗರ, ಬಿಟಿಎಂ ಬಡಾವಣೆಗಳಿಗೆ ಸಮೀಪದ ಗುರಪ್ಪನಪಾಳ್ಯದ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ಮುಕ್ತ ತಂತ್ರಾಂಶದ ಕಾರ್ಯಕರ್ತರ ನೆರವಿನಿಂದ ರೂಪುಗೊಂಡಿತು. ಅಲ್ಲಿನ ಮಕ್ಕಳು ಗ್ನೂ/ಲಿನಕ್ಸ್ ಗಣಕಗಳಲ್ಲಿ ಕಲಿತರು. ಗಿಂಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬಿಡಿಸಿದರು. ಕೊಳೆಗೇರಿಯ ಮಕ್ಕಳಿಗೆ ಒಗ್ಗಿದ್ದು ಮಲೆನಾಡಿನ ಮಕ್ಕಳಿಗೆ ಒಗ್ಗದೆಂದು ಹೇಳಲು ಕಾರಣವಿಲ್ಲ.

ವಿಧಾನವೂ ಕಠಿಣವಲ್ಲ. ಮೊದಲು ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಡಬೇಕು. ಈ ಹೆಜ್ಜೆ ತಪ್ಪಿದರೆ ವರ್ಷಗಳ ಬರಹ ಒಂದೇ ಗಳಿಗೆಯಲ್ಲಿ ಅಳಿದೀತು. ಬಳಿಕ ಲಿನಕ್ಸ್ ಮಿಂಟ್, ಡೆಬಿಯನ್‌ನಂತಹ ಯಾವುದಾದರೊಂದನ್ನು ಪೆನ್ ಡ್ರೈವ್‌ಗೆ ಇಳಿಸಿ, ಯಂತ್ರದಲ್ಲಿರುವುದನ್ನು ಮುಟ್ಟದೆಯೇ ಚಲಾಯಿಸಿ, ವೈಫೈ, ಧ್ವನಿ, ಮುದ್ರಕಗಳು ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಬಹುದು. ಒಪ್ಪಿಗೆಯಾದ ಮೇಲಷ್ಟೇ ಅಳವಡಿಸಿದರಾಯಿತು. ಹಗುರವಾದ ಆವೃತ್ತಿಗೆ ನಾಲ್ಕು ಜಿಬಿ ಸ್ಮೃತಿ ಸಾಕು. ಕನ್ನಡದ ಅಕ್ಷರ, ಕೀಲಿಮಣೆ, ಬರವಣಿಗೆಗೆ ಲಿಬ್ರೆ ಆಫೀಸ್ ಎಲ್ಲವೂ ಹಣವಿಲ್ಲದೆ ದೊರೆಯುತ್ತವೆ.

ತೊಡಕುಗಳಿಲ್ಲವೆಂದಲ್ಲ. ವಿಂಡೋಸ್‌ಗೆಂದೇ ರಚಿಸಿದ ಕೆಲವು ಲೆಕ್ಕಪತ್ರದ, ಪರೀಕ್ಷೆಯ ತಂತ್ರಾಂಶಗಳು ಇಲ್ಲಿ ನಡೆಯವು. ವಿದ್ಯಾರ್ಥಿಗಳು ಕಾಲೇಜಿನಲ್ಲಿ ಮೊದಲೇ ವಿಚಾರಿಸಬೇಕು. ಅದಕ್ಕಿಂತ ದೊಡ್ಡ ತೊಡಕೆಂದರೆ, ಸಿಕ್ಕಿಬಿದ್ದಾಗ ಊರಿನಲ್ಲಿ ಕೇಳಲು ಯಾರೂ ಇಲ್ಲದಿರುವುದು. ನಗರದಲ್ಲಿ ಕಲಿತ ವಿದ್ಯಾರ್ಥಿ ರಜೆಗೆ ಬಂದಾಗ ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಕುಳಿತು, ಮೂಲೆ ಸೇರಿದ ಒಂದು ಗಣಕಕ್ಕೆ ಜೀವ ತುಂಬಿ, ಇನ್ನಿಬ್ಬರಿಗೆ ಕಲಿಸಿದರೆ ಆ ಕೊರತೆ ನೀಗುತ್ತದೆ.

2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದು ಸರಿಯೇ. ಆದರೆ ಕಸವಾದ ಮೇಲೆ ಹೊಣೆ ಹೊರಿಸುವುದಕ್ಕಿಂತ ಕಸವಾಗದಂತೆ ಕಾಯುವುದು ಲೇಸು. ದುಡಿಯುವ ಯಂತ್ರಕ್ಕೆ ದೂರದ ಕಂಪನಿಯೊಂದು ಸಾವಿನ ದಿನಾಂಕ ಬರೆದುಕೊಟ್ಟರೆ ಅದನ್ನು ಒಪ್ಪಲೇಬೇಕಾದ ಅನಿವಾರ್ಯ ಬಳಕೆದಾರನಿಗಿಲ್ಲ. ಕಾವು ಬದಲಿಸಲು ಬಲ್ಲ ಕೈಗಳಿಗೆ ಇದೂ ಒಲಿದೀತು.