ಕೀಲಿನ ಕಟ್ಟೂ ಡಬ್ಬಿಯ ಪುಡಿಯೂ

ಬೆಳಗಿನ ನಡಿಗೆ, ಓಟ, ಸೈಕಲ್ ಸವಾರಿ, ಗರಡಿಯ ಸಾಧನೆ ಮೊದಲಾದ ದೇಹಶ್ರಮಗಳಲ್ಲಿ ನಮ್ಮ ಗೃಹಸ್ಥರಿಗೆ ಈಚೆಗೆ ಹುಟ್ಟಿರುವ ಆಸಕ್ತಿಯು ಸಂತೋಷಪಡತಕ್ಕುದೇ ಸರಿ. ಆದರೆ ಶ್ರಮದ ಬೆನ್ನ ಹಿಂದೆ ಮೊಣಕಾಲಿನ ನೋವೂ, ನೋವಿನ ಬೆನ್ನ ಹಿಂದೆ ಅದಕ್ಕೆ ಪರಿಹಾರವೆಂದು ಸಾರುವ ಡಬ್ಬಿಗಳೂ ಮನೆಯೊಳಕ್ಕೆ ಬರುತ್ತಿರುವುವು. ಅವುಗಳ ಪೈಕಿ ಈಗ ಹೆಚ್ಚು ಹೆಸರಾಗಿರುವುದು ಕೊಲಾಜನ್ ಎಂಬ ಪುಡಿ. ಇದನ್ನು ಕೊಳ್ಳಬಹುದೆ, ಕೊಂಡರೆ ಏನು ಫಲವನ್ನು ನಿರೀಕ್ಷಿಸಬಹುದು, ಸಸ್ಯಾಹಾರಿಗಳ ಮನೆಯಲ್ಲಿ ಇದಕ್ಕೆ ಸ್ಥಾನವುಂಟೆ ಎಂಬ ಮೂರು ಪ್ರಶ್ನೆಗಳನ್ನು ಈ ತಿಂಗಳು ವಿಚಾರಿಸೋಣ.

ಮೊದಲು ವಸ್ತುವಿನ ಪರಿಚಯವಾಗಲಿ. ಕೊಲಾಜನ್ ಎಂಬುದು ಗ್ರೀಕ್ ಮೂಲದ ಶಬ್ದ. ಅಂಟನ್ನು ಹುಟ್ಟಿಸುವುದು ಎಂದು ಅದರ ಅರ್ಥ. ಹಿಂದೆ ಬಡಗಿಗಳು ಮರಕ್ಕೆ ಹಚ್ಚುತ್ತಿದ್ದ, ತೊಗಲು ಎಲುಬುಗಳನ್ನು ಬೇಯಿಸಿ ತೆಗೆದ ಅಂಟು ಇದರಿಂದಲೇ ಆದುದು. ಪ್ರೋಟೀನು ಅಥವಾ ಸಸಾರಜನಕವೆಂದು ಕರೆಯುವ ವಸ್ತುಗಳಲ್ಲಿ ನಮ್ಮ ಶರೀರದೊಳಗೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಇದೇ ಆಗಿರುವುದು. ಚರ್ಮ, ಎಲುಬು, ಮೃದ್ವಸ್ಥಿ, ಎಲುಬಿಗೆ ಎಲುಬನ್ನು ಬಿಗಿಯುವ ಕಟ್ಟುಗಳು, ಮಾಂಸಖಂಡವನ್ನು ಎಲುಬಿಗೆ ಸೇರಿಸುವ ಕಂಡರಗಳು, ಇವೆಲ್ಲವೂ ಇದರ ಬಲದಿಂದ ನಿಂತಿವೆ. 1954ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ ಎಂಬ ವಿದ್ವಾಂಸರು ಇದರ ರಚನೆಯು ಮೂರೆಳೆಯದೆಂದು ಪ್ರಕಟಿಸಿದರು. 1955ರಲ್ಲಿ ಆ ಮೂರೆಳೆಗಳೂ ಹುರಿಯಂತೆ ಒಂದನ್ನೊಂದು ಸುತ್ತಿಕೊಂಡಿರುವ ಬಗೆಯನ್ನು ಇನ್ನಷ್ಟು ಖಚಿತಪಡಿಸಿದರು. ಈ ರಾಮಚಂದ್ರನ್ನರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿಯೂ ಕೆಲಸಮಾಡಿದವರು.

ಇಲ್ಲಿ ಶಬ್ದಾರ್ಥದ ಒಂದು ವಿಷಯವನ್ನು ಗಮನಿಸಬೇಕು. ಇಂದು ನಾವು ಸ್ನಾಯುವೆಂದರೆ ಮಾಂಸಖಂಡವೆಂದು ತಿಳಿಯುವೆವು. ಸುಶ್ರುತಸಂಹಿತೆಯಲ್ಲಾದರೋ ಸ್ನಾಯುವೆಂಬುದು ಬಂಧನಕ್ಕೆ ಹೆಸರು. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿಯು ಹೇಗೆ ಜನರ ಭಾರವನ್ನು ಹೊತ್ತು ನೀರಿನ ಮೇಲೆ ಸಾಗುವುದೋ, ಹಾಗೆಯೇ ಸ್ನಾಯುಗಳಿಂದ ಬಿಗಿದ ಸಂಧಿಗಳು ಶರೀರದ ಭಾರವನ್ನು ಹೊರುವುವೆಂದು ಆ ಗ್ರಂಥದ ಅಭಿಪ್ರಾಯ. ಕೊಲಾಜನ್ ಈ ಕಟ್ಟಿನ ದ್ರವ್ಯವೇ ಹೊರತು ಮಾಂಸಖಂಡವನ್ನು ಬೆಳೆಸುವ ಮುಖ್ಯದ್ರವ್ಯವಲ್ಲ. ತೋಳು ತೊಡೆಗಳು ಬಲಿಯಲೆಂದು ಇದನ್ನು ಕುಡಿಯುವವರು ಈ ಭೇದವನ್ನು ಅರಿಯರು. ಆಹಾರದಿಂದಲೇ ಬರಬೇಕಾದ ಟ್ರಿಪ್ಟೋಫಾನ್ ಎಂಬ ಘಟಕವು ಇದರಲ್ಲಿ ಇಲ್ಲವೇ ಇಲ್ಲ. 2020ರಲ್ಲಿ ಪ್ರಕಟವಾದ ಕೆನಡಾ ದೇಶದ ಒಂದು ಪರೀಕ್ಷೆಯಲ್ಲಿ 22 ಮಂದಿ ವಯಸ್ಸಾದ ಸ್ತ್ರೀಯರ ಪೈಕಿ ಕೆಲವರಿಗೆ ಹಾಲಿನ ತಿಳಿಯಿಂದ ತೆಗೆದ ಸಸಾರಜನಕವನ್ನೂ ಉಳಿದವರಿಗೆ ಕೊಲಾಜನನ್ನೂ ಕೆಲವು ದಿನ ಕೊಟ್ಟು ನೋಡಿದರು. ಆ ಅವಧಿಯಲ್ಲಿ ಮಾಂಸಖಂಡದ ನಿರ್ಮಾಣವನ್ನು ಹೆಚ್ಚಿಸಿದುದು ಹಾಲಿನದು, ಕೊಲಾಜನಿನಿಂದ ಹಾಗಾಗಲಿಲ್ಲ.

ಹಾಗಾದರೆ ಕೀಲುಗಳಿಗಾದರೂ ಪ್ರಯೋಜನವುಂಟೆ? ಕುಡಿದ ಕೊಲಾಜನ್ ಕೊಲಾಜನಾಗಿಯೇ ನೇರವಾಗಿ ಮೊಣಕಾಲಿಗೆ ಹೋಗಿ ಸೇರುವುದಿಲ್ಲ. ಜಠರವೂ ಕರುಳೂ ಅದನ್ನು ಚಿಕ್ಕ ತುಣುಕುಗಳನ್ನಾಗಿ ಒಡೆಯುವುವು. ರಕ್ತಕ್ಕೆ ಬಂದ ತುಣುಕುಗಳನ್ನು ಶರೀರವು ತನಗೆ ಬೇಕಾದೆಡೆಯಲ್ಲಿ ಬಳಸಿಕೊಳ್ಳುವುದು. ಆದರೂ ಇದು ಕೇವಲ ನಿಷ್ಫಲವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. 2008ರಲ್ಲಿ ಅಮೆರಿಕದಲ್ಲಿ 147 ಮಂದಿ ಕ್ರೀಡಾಪಟುಗಳನ್ನು ಸೇರಿಸಿಕೊಂಡು, ಕೆಲವರಿಗೆ ದಿನಕ್ಕೆ 10 ಗ್ರಾಂ ಕೊಲಾಜನನ್ನೂ ಉಳಿದವರಿಗೆ ಹುಸಿಪಾನೀಯವನ್ನೂ 24 ವಾರ ಕೊಟ್ಟ ಪರೀಕ್ಷೆಯು ಪ್ರಕಟವಾಯಿತು. ಕೊಲಾಜನ್ ಸೇವಿಸಿದವರಲ್ಲಿ ಕೀಲುನೋವು ಹೆಚ್ಚಾಗಿ ತಗ್ಗಿತೆಂದು ಅದರಲ್ಲಿ ಕಂಡಿತು. ಆದರೆ ಕಡೆಗೆ ಲೆಕ್ಕಕ್ಕೆ ದೊರೆತವರು 97 ಮಂದಿ ಮಾತ್ರ. 2017ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಸಿ ಜೀವಸತ್ವದೊಡನೆ 15 ಗ್ರಾಂ ಜೆಲಟಿನ್ ಸೇವಿಸಿ ಒಂದು ಗಂಟೆಯ ಮೇಲೆ 6 ನಿಮಿಷ ಹಗ್ಗ ಹಾರಿದವರ ರಕ್ತದಲ್ಲಿ ಕೊಲಾಜನ್ ನಿರ್ಮಾಣದ ಗುರುತು ಇಮ್ಮಡಿಯಾಯಿತು. ಆ ಪರೀಕ್ಷೆಗೆ ಒಳಗಾದವರು ಎಂಟೇ ಮಂದಿ. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2011ರಲ್ಲಿ ಈ ಪುಡಿಗೂ ಕೀಲುಗಳ ರಕ್ಷಣೆಗೂ ಕಾರ್ಯಕಾರಣಸಂಬಂಧವು ಸಿದ್ಧವಾಗಿಲ್ಲವೆಂದು ತೀರ್ಮಾನಿಸಿತು. ಅಲ್ಪಫಲವು ಸಂಭವವೆನ್ನಬಹುದು, ಡಬ್ಬಿಯ ಮೇಲಿನ ಆಶ್ವಾಸನದಷ್ಟು ಫಲವು ಸಿದ್ಧವಾಗಿಲ್ಲ.

ಇನ್ನು ಆಚಾರದ ಮಾತು. ಕೊಲಾಜನ್ ಪ್ರಾಣಿಗಳ ಶರೀರದಲ್ಲಿ ಹುಟ್ಟುವ ವಸ್ತು. ಪೇಟೆಯ ಪುಡಿಯು ದನ, ಹಂದಿ, ಕೋಳಿಗಳ ಚರ್ಮ ಎಲುಬುಗಳಿಂದಲೋ, ಮೀನಿನ ಚರ್ಮ ಮತ್ತು ಪೊರೆಗಳಿಂದಲೋ ತೆಗೆದುದಾಗಿರುವುದು. ಸುವಾಸನೆಯೂ ಬಿಳಿಯ ಬಣ್ಣವೂ ಇದನ್ನು ಮರೆಸಬಾರದು. ನಮ್ಮ ದೇಶದಲ್ಲಿ ಮಾಂಸಾಹಾರದ ಪೊಟ್ಟಣಗಳ ಮೇಲೆ ಕಂದು ಚೌಕದೊಳಗೆ ಕಂದು ತ್ರಿಕೋನವನ್ನೂ, ಸಸ್ಯಾಹಾರದವುಗಳ ಮೇಲೆ ಹಸುರು ಚೌಕದೊಳಗೆ ಹಸುರು ಚುಕ್ಕೆಯನ್ನೂ ಅಚ್ಚುಹಾಕಬೇಕೆಂಬ ವಿಧಿಯುಂಟು. ಕೊಳ್ಳುವವರು ಇದನ್ನು ನೋಡಿಯೇ ಕೊಳ್ಳತಕ್ಕದ್ದು. ಸಸ್ಯಮೂಲದ ಕೊಲಾಜನೆಂದು ಹಸುರು ಗುರುತಿನಿಂದ ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಿ ಜೀವಸತ್ವ ಮೊದಲಾದ ಪೋಷಕಗಳೇ ಹೊರತು ಕೊಲಾಜನ್ ಅಲ್ಲ. ಅಂಥವು ನಮಗೆ ತರಕಾರಿಯ ಅಂಗಡಿಯಲ್ಲಿಯೇ ದೊರೆಯುವುವು.

ಶಾಕಾಹಾರಿಗಳು ಇದರಿಂದ ಚಿಂತಿಸಬೇಕಾದುದಿಲ್ಲ. ಹಸುವು ಹುಲ್ಲು ತಿಂದೇ ಗಟ್ಟಿಯಾದ ಚರ್ಮವನ್ನು ಪಡೆದಿದೆಯಷ್ಟೆ! ಮನುಷ್ಯನ ಶರೀರವೂ ತನಗೆ ಬೇಕಾದ ಕೊಲಾಜನನ್ನು ತಾನೇ ಹೊಸೆಯಬಲ್ಲುದು. ಅದಕ್ಕೆ ಸಾಕಷ್ಟು ಸಸಾರಜನಕವೂ ಸಿ ಜೀವಸತ್ವವೂ ಒದಗಬೇಕು. 60 ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಸಸಾರಜನಕವು ವಿಹಿತವಾಗಿದೆ. 40 ಗ್ರಾಂ ಹೆಸರುಬೇಳೆಯಲ್ಲಿ ಹತ್ತಿರ ಹತ್ತಿರ 10 ಗ್ರಾಂ ದೊರೆಯುವುದು. ಉಳಿದುದನ್ನು ಹಾಲು, ಮೊಸರು, ಕಡಲೆ, ಅವರೆ, ಅನ್ನ, ರಾಗಿಗಳು ಕೂಡಿ ತುಂಬುವುವು. ಸಿ ಜೀವಸತ್ವವು ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ, ಹೆಂಗಸಿಗೆ 65. ಸಾಧಾರಣ ಗಾತ್ರದ ಒಂದು ಸೀಬೆಹಣ್ಣು ಇದನ್ನು ಪೂರೈಸುವುದು. ನೆಲ್ಲಿಕಾಯಿಯ ಮಹಿಮೆಯನ್ನಂತೂ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ.

ಆಹಾರದಷ್ಟೇ ಮುಖ್ಯವಾದುದು ಶ್ರಮದ ಕ್ರಮ. ಕಂಡರ ಕಟ್ಟುಗಳಿಗೆ ರಕ್ತದ ಪೂರೈಕೆ ಕಡಿಮೆ. ಆದಕಾರಣ ಮಾಂಸಖಂಡವು ವಾರಗಳಲ್ಲಿ ಬಲಿತರೆ ಅವು ಬಲಿಯಲು ತಿಂಗಳುಗಳು ಬೇಕು. ಇಂದು ಒಂದು ಮೈಲಿ ನಡೆದವನು ನಾಳೆಯೇ ಐದು ಮೈಲಿ ಓಡಿದರೆ ಕಟ್ಟು ತಡೆಯಲಾರದು. ವ್ಯಾಯಾಮವನ್ನು ಶಕ್ತಿಯ ಅರ್ಧಕ್ಕೆ ನಿಲ್ಲಿಸಬೇಕೆಂದು ಸುಶ್ರುತನು ವಿಧಿಸಿರುವುದರ ಔಚಿತ್ಯವು ಇಲ್ಲಿ ಕಾಣುವುದು. ಕೀಲು ಊದಿಕೊಂಡರೆ, ರಾತ್ರಿಯ ನಿದ್ರೆಗೆಡಿಸುವಷ್ಟು ನೋಯುತ್ತಿದ್ದರೆ, ಪುಡಿಯನ್ನು ಕಾಯದೆ ವೈದ್ಯರನ್ನು ಕಾಣಬೇಕು. ಮೂತ್ರಪಿಂಡದ ವ್ಯಾಧಿಯುಳ್ಳವರು ವೈದ್ಯರನ್ನು ಕೇಳದೆ ಇಂತಹ ಪುಡಿಗಳನ್ನು ಮುಟ್ಟಬಾರದು.

ಕಡೆಯದಾಗಿ ಮನೆಯ ಯಜಮಾನರಿಗೆ ಒಂದು ವಿನಂತಿ. ಉದ್ಯಾನದಲ್ಲಿ ಓಡುವವರು ಮಾತ್ರವೇ ದೇಹಶ್ರಮಿಗಳೆಂದು ಎಣಿಸಬಾರದು. ನೀರು ಹೊತ್ತು, ನೆಲ ಒರಸಿ, ದಿನಕ್ಕೆ ಹತ್ತು ಸಲ ಮೆಟ್ಟಲು ಹತ್ತಿ ಇಳಿಯುವ ತಾಯಿಯ ಮೊಣಕಾಲೂ ಅದೇ ಮೂರೆಳೆಯ ಹುರಿಯಿಂದ ಆದುದು. ಎಲ್ಲರೂ ಉಂಡ ಮೇಲೆ ಉಳಿದ ತಿಳಿಸಾರಿನಲ್ಲಿ ಆಕೆ ಊಟ ಮುಗಿಸುತ್ತಿರುವಾಗ ಮಗನೊಬ್ಬನಿಗಾಗಿ ಡಬ್ಬಿಯು ಬರುವುದು ಧರ್ಮವಲ್ಲ. ಆ ಡಬ್ಬಿಯ ಬೆಲೆಯನ್ನು ತಿಂಗಳ ಹಾಲು, ಬೇಳೆ, ಹಣ್ಣುಗಳ ಲೆಕ್ಕದ ಪಕ್ಕದಲ್ಲಿ ಬರೆದು ನೋಡಿರಿ. ಮನೆಯ ಎಲ್ಲರ ತಟ್ಟೆಯೂ ತುಂಬಿದ ಮೇಲೆ ಹಣ ಉಳಿದರೆ, ಆಚಾರಕ್ಕೆ ಅಡ್ಡಿಯಿಲ್ಲದಿದ್ದರೆ, ಮೂರು ತಿಂಗಳು ಪರೀಕ್ಷಿಸುವುದರಲ್ಲಿ ನಮ್ಮ ಆಕ್ಷೇಪಣೆಯಿಲ್ಲ. ತಟ್ಟೆಯ ಲೆಕ್ಕವು ಮಾತ್ರ ಮೊದಲು ಆಗಲಿ.