ಸಾಣೆಯ ಕೆಸರೂ ಮಣ್ಣಿನ ಬಟ್ಟಲೂ

ರತ್ನಗಳಿಗೆ ಸಾಣೆ ಹಿಡಿಯುವಾಗ ಉಳಿಯುವ ಕೆಸರನ್ನು ಜೇಡಿಮಣ್ಣಿಗೆ ಬೆರೆಸಿ ಬಟ್ಟಲು ಮಾಡಬಾರದೇಕೆಂದು ನಮ್ಮ ಹುಡುಗಿಯರು ಕೇಳಿದರು. ಬೇಡವೆನ್ನಲು ನಮಗೆ ಮನಸ್ಸಾಗಲಿಲ್ಲ. ಕಟ್ಟಾಯದ ಕಡೆಯ ಕೆರೆಮಣ್ಣಿಗೆ ಅದನ್ನು ಕಲಸಿ, ಕುಂಬಾರರ ಆವಿಗೆಯಲ್ಲಿ ಸುಡಿಸಿದೆವು. ಕಲ್ಲು ಕರಗಿ ಗಾಜಿನಂತೆ ಹೊಳೆಯುವುದೆಂಬ ಮಕ್ಕಳ ಆಸೆ ಮಾತ್ರ ಕೈಗೂಡಲಿಲ್ಲ. ಹಳ್ಳಿಯ ಆವಿಗೆಯ ಶಾಖವು ಸಾಮಾನ್ಯವಾಗಿ 900 ಡಿಗ್ರಿ ಸೆಂಟಿಗ್ರೇಡನ್ನು ಬಹಳ ಮೀರದು. ಕೆಂಪು, ನೀಲ ಮೊದಲಾದ ಕುರಂದದ ಜಾತಿಯ ಕಲ್ಲು ಕರಗಲು 2,000 ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಆ ಪುಡಿಯು ಮಣ್ಣಿನಲ್ಲಿ ಮರಳಿನ ಕೆಲಸವನ್ನಷ್ಟೇ ಮಾಡಿತು. ಒಣಗುವಾಗ ಬಿರುಕುಗಳು ಕಡಿಮೆಯಾದವು. ಇದೂ ಒಂದು ಪಾಠವೆಂದೇ ನಮ್ಮ ಎಣಿಕೆ.

ಆದರೆ ಪೋಷಕರಲ್ಲಿ ನಮ್ಮದೊಂದು ಬಿನ್ನಹವುಂಟು. ಮನೆಯಲ್ಲಿ ಈ ಕೆಸರನ್ನು ಒಣಗಿಸಿ ಜರಡಿಯಾಡಿಸಲು ಮಕ್ಕಳನ್ನು ಬಿಡಬೇಡಿರಿ. ಸ್ಫಟಿಕ, ಅಗೇಟುಗಳ ಧೂಳು ಸಿಲಿಕವೇ. ಗುಜರಾತಿನ ಖಂಭಾತದಲ್ಲಿ ಅಗೇಟಿಗೆ ಸಾಣೆ ಹಿಡಿಯುವ ಎಷ್ಟೋ ಮಂದಿ ಅದನ್ನು ಉಸಿರಾಡಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾಗಿದ್ದಾರೆ. ನಾವು ಕೆಸರನ್ನು ಒದ್ದೆಯಿರುವಾಗಲೇ ಕಲಸುತ್ತೇವೆ. ಪಚ್ಚೆಯಲ್ಲಿ ಬೆರಿಲಿಯಂ ಇರುವುದರಿಂದ ಅದರ ಕೆಸರನ್ನು ಶಾಲೆಗೆ ತರುವುದೇ ಇಲ್ಲ. ಯಾವ ಕಲ್ಲಿನದೆಂದು ಸಾಣೆಗಾರರೇ ಹೇಳಲಾರದುದನ್ನೂ ಒಲ್ಲೆವು. ಬಟ್ಟಲುಗಳು ಊಟಕ್ಕೆ ಸಲ್ಲವು. ಅವುಗಳಲ್ಲಿ ಈಗ ಹೂವಿನ ಸಸಿಗಳಿವೆ.